ಅಂಚಿನ ಮೂರು ತೂತು

ಅವತ್ತು ಬೆಳಿಗ್ಗೆಯೂ ಎಂದಿನಂತೆ ಅಂಗಳಕ್ಕೆ ನೀರು ಹೊಡೆದು, ರೊಟ್ಟಿ ಬಡಿದು ಬುಟ್ಟಿಗೆ ಹಾಕಿದೆ. ಮಾವನವರು ಶೇರ್ವಾನಿಯ ಗುಂಡಿ ಹಾಕಿಕೊಳ್ಳುತ್ತಾ ತಹಸೀಲ್ ಕಚೇರಿಗೆ ಹೊರಟರು. ಆಮೇಲೆ ಲಿಂಗಸುಗೂರಿನ ನಮ್ಮ ಮನೆ ಹೆಂಗಸರದು. ಅತ್ತೆ ನಡುಮನೆಯಲ್ಲಿ ಚಾಪೆ ಹಾಸಿ, ಹಸಿರು ಖಣವೊಂದನ್ನು ನನ್ನ ಮುಂದಿಟ್ಟರು.

ಸಂಜೆ ಬಸುರಿ ನಾದಿನಿಗೆ ಕುಬಸದ ಶಾಸ್ತ್ರ. ಸಿಂಧನೂರಿನಿಂದ ಅವಳ ಅತ್ತೆಮನೆಯವರು ಬರುವವರಿದ್ದರು. ತವರಿನ ಕುಪ್ಪಸ ತೊಟ್ಟೇ ಅವಳು ಅವರ ಮುಂದೆ ಕೂರಬೇಕು. ಯುದ್ಧದ ದಿನಗಳು, ಬಟ್ಟೆ ಸಿಗುವುದೇ ಕಷ್ಟ; ಆ ಒಂದು ಖಣಕ್ಕಾಗಿ ಅತ್ತೆ ಮಸ್ಕಿಯ ಅಂಗಡಿಗೆ ಎಷ್ಟು ಸಲ ಹೇಳಿ ಕಳಿಸಿದ್ದರೋ.

“ದರ್ಜಿ ಯಾಕ ಬೇಕು? ನಮ್ಮ ಸೊಸಿ ಕಾನ್ವೆಂಟಿನ್ಯಾಗ ಕಲತಾಳ, ಪೇಪರ್ ನೋಡಿ ಕತ್ತರಸ್ತಾಳ” ಎಂದು ಓಣಿಗೆಲ್ಲ ಹೇಳಿಯೂ ಆಗಿತ್ತು.

ಆ ಪೇಪರ್ ಅಂದರೆ, ಶಾಲೆ ಬಿಡುವಾಗ ಹೊಲಿಗೆಯ ಸಿಸ್ಟರ್ ಕೊಟ್ಟ ರವಿಕೆಯ ಪ್ಯಾಟರ್ನ್. ಈರುಳ್ಳಿ ಸಿಪ್ಪೆಯಂಥ ಕಾಗದ. ಅದರ ಮೇಲೆ ಅಕ್ಷರವಿಲ್ಲ, ಬರೀ ತೂತು, ಬದಿಗೆ ಕತ್ತರಿಸಿದ ಕಚ್ಚು. ಕಚ್ಚಿಗೆ ಕಚ್ಚು ಕೂಡಿಸಬೇಕು. ಸಣ್ಣ ತೂತಿದ್ದಲ್ಲಿ ಒಳಗೆ ಚಿವುಟಿ ಹೊಲಿಯಬೇಕು. ಬೆನ್ನಿನ ತುಂಡಿನ ನೆಟ್ಟನೆಯ ಬದಿಗೆ ಮೂರು ದೊಡ್ಡ ತೂತು. ಅದೇನೆಂದು ಮರೆತಿದ್ದೆ. ಬಟ್ಟೆಯ ಅಂಚಿಗೆ ಹೊಂದಿಸು ಎಂದಿರಬೇಕು ಅಂದುಕೊಂಡು, ಖಣದ ಕೆಂಪು ಅಂಚಿನ ಮೇಲೆ ಕಾಗದವಿಟ್ಟೆ. ಸುತ್ತ ಕೂತ ಮನೆಯ ಹೆಂಗಸರ ಕಣ್ಣೆಲ್ಲ ನನ್ನ ಕೈಮೇಲೆ; ತಡೆದು ಯೋಚಿಸಲೂ ನಾಚಿಕೆ. ಕತ್ತರಿ ಆಡಿಸಿಬಿಟ್ಟೆ.

ಎತ್ತಿದರೆ ಕೈಯಲ್ಲಿ ಅರ್ಧ ಬೆನ್ನು! ಆಗ ನೆನಪಾಯಿತು. ಬಟ್ಟೆಯನ್ನು ಮಡಿಚಿ, ಆ ಮೂರು ತೂತು ಮಡಿಕೆಯ ಮೇಲೆ ಬರುವಂತೆ ಇಡಬೇಕಿತ್ತು. ಬಿಚ್ಚಿದಾಗ ಬೆನ್ನು ಇಡಿಯಾಗಿ ಬರುತ್ತಿತ್ತು.

ತೋಳಿಗೆಂದು ಬಿಟ್ಟ ಬಟ್ಟೆಯಲ್ಲಿ, ಖಣದ ಇನ್ನೊಂದು ಅಂಚಿಗೆ ಕಾಗದವಿಟ್ಟು ಇನ್ನರ್ಧ ಕತ್ತರಿಸಿ ಜೋಡಿಸಿದೆ. ತೋಳು ಗಿಡ್ಡಾದವು. ಎರಡು ಕೆಂಪು ಅಂಚುಗಳು ಬೆನ್ನ ನಡುವೆ ಗೀಟೆಳೆದಂತೆ ಕೂಡಿದವು. ಅತ್ತೆ ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು.

“ಇರಲಿ ಬಿಡ್ರಿ ವೈನಿ, ಸೆರಗು ಹೊಚಗೊಂಡ್ರ ಕಾಣಂಗಿಲ್ಲ” ಎಂದಳು ನಾದಿನಿ.

ಸಂಜೆ ಹಾಗೆಯೇ ಎರಡೂ ಹೆಗಲು ಮುಚ್ಚಿಕೊಂಡು, ಬೆವರುತ್ತಾ ಕೂತಳು. ಅವಳ ಅತ್ತೆ, “ಈ ಧಗೀಯಾಗ ಯಾಕವ್ವ ಇಷ್ಟು ಹೊಚಗೊಂಡಿ?” ಎಂದು ಅಕ್ಕರೆಯಿಂದ ಸೆರಗು ಸರಿಸಿದರು. ಬೆನ್ನು ಕಂಡೇಬಿಟ್ಟಿತು.

ನಮ್ಮತ್ತೆ ಥಟ್ಟನೆ, “ಹೈದರಾಬಾದಿನ್ಯಾಗ ಈಗ ಹಿಂಗ ಹೊಲೀತಾರ್ರಿ” ಎಂದರು. ಸುಳ್ಳು ಹೇಳಿ ಗೊತ್ತಿಲ್ಲದ ಹೆಂಗಸು, ನನಗಾಗಿ ಹೇಳಿದ್ದರು. ಆರತಿ ತಟ್ಟೆ ಹಿಡಿದಿದ್ದ ನಾನು ತಲೆ ಎತ್ತಲಿಲ್ಲ.

ಎಲೆಗೆ ಸುಣ್ಣ ಹಚ್ಚುತ್ತಿದ್ದ ಪಕ್ಕದ ಮನೆಯಾಕೆ ಒಮ್ಮೆ ಆ ಕಡೆ ನೋಡಿ ಅಂದರು: “ಹೌದೇನ್ರಿ? ಹಂಗಾದ್ರ ಹೈದರಾಬಾದಿನ ಮಂದಿ ಬೆನ್ನಿಗೂ ಬೈತಲಿ ತೆಗದು ಕುಂಕುಮ ಹಚಗೋತಾರ ಅನ್ರಿ!”