ಕೈಯಿಂದ ಕೈಗೆ ಬಂದ ಚಾಕು

ಮಗಳ ಕಾಲೇಜಿನ ಕ್ಯಾಂಪಿಗೆಂದು ಮೊನ್ನೆ ಅಟ್ಟದಿಂದ ನನ್ನ ಹಳೆಯ ಬೆನ್ನುಚೀಲ ಇಳಿಸಿದೆ. ಪಕ್ಕದ ಜೇಬಿನ ಜಿಪ್ ಎಳೆದೊಡನೆ ಹೊಲಿಗೆ ಮಶೀನಿನ ಎಣ್ಣೆಯ ವಾಸನೆ. ತುಕ್ಕು ಹಿಡಿಯದಂತೆ ಎಣ್ಣೆ ಸವರಿ ಬಟ್ಟೆಯಲ್ಲಿ ಸುತ್ತಿಟ್ಟ ಗಿಡ್ಡ ಚಾಕು ಅಲ್ಲೇ ಇತ್ತು. ಕೆಳಗಿನ ಮನೆಯ ಕಾಕಾ ಬಂದು ಎದುರಿಗೆ ಕೂತ ಹಾಗಾಯಿತು...

ಹೈದರಾಬಾದಿನಲ್ಲಿ ದಿನ ಬೆಳಗಾದರೆ ಹೊಸ ಸಾಫ್ಟ್‌ವೇರ್ ಕಂಪನಿಯ ಬೋರ್ಡು ಏಳುತ್ತಿದ್ದ ಕಾಲ. ಕುಂದಾಪುರದಿಂದ ಬಂದ ನಾನು ಮಣಿಕೊಂಡದಲ್ಲಿ ಕಾಕಾ ಅವರ ಮೇಲಿನ ಮನೆಯಲ್ಲಿ ಬಾಡಿಗೆಗಿದ್ದೆ. ಕಾಕಾ ಕಲಬುರಗಿ ಕಡೆಯವರು, ಬಾಲಾನಗರದ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತರಾಗಿದ್ದರು. ಬೀದಿಯವರೊಂದಿಗೆ ತೆಲುಗು, ಹಿಂದಿ; ನನ್ನನ್ನು ಕಂಡರೆ ಮಾತ್ರ ಬಾಯ್ತುಂಬ ಕನ್ನಡ. ಅವರ ವರಾಂಡದಲ್ಲೊಂದು ಸಾಣೆ ಮಶೀನಿತ್ತು. ಬೀದಿಯ ಮೊಂಡು ಕತ್ತಿಗಳೆಲ್ಲ ಅಲ್ಲಿಗೇ ಬರುತ್ತಿದ್ದವು.

ಆಫೀಸಿನವರೆಲ್ಲ ನಲ್ಲಮಲ ಕಾಡಂಚಿನಲ್ಲಿ ಟೆಂಟು ಹೂಡಿ, ನಾವೇ ಬೆಂಕಿ ಹಚ್ಚಿ, ಬದುಕಿ ತೋರಿಸುವುದೆಂದಾಯಿತು. ಅದಕ್ಕೆ ಎಂಥ ಚಾಕು ಬೇಕೆಂಬ ಬಗ್ಗೆ ಹರಿದಾಡಿದ ಈಮೇಲುಗಳ ಹೊತ್ತಿನಲ್ಲಿ ಒಂದು ಪ್ರಾಜೆಕ್ಟೇ ಮುಗಿಯುತ್ತಿತ್ತು. ನಾನು ನಾಂಪಲ್ಲಿಯ ಎಕ್ಸಿಬಿಷನ್ನಿನಲ್ಲಿ ಒಂದನ್ನು ಆರಿಸಿದೆ. ಬೆನ್ನಿಗೆ ಗರಗಸದ ಹಲ್ಲು, ಹಿಡಿಯ ತುದಿಗೆ ದಿಕ್ಸೂಚಿ! ಜೊತೆಗೆ ಬಂದಿದ್ದ ಕಾಕಾ ಹಿಡಿ ಅಲ್ಲಾಡಿಸಿ ನೋಡಿ ಕೆಳಗಿಟ್ಟರು.

"ಇದು ಫೋಟೋಕ್ಕ ಚಲೋ ಐತಿ. ನಾನ ಮಾಡಿಕೊಡ್ತೀನಿ, ನಡಿ."

ಕಬ್ಬಿಣ ಕೊಯ್ಯುವ ಮಶೀನಿನ ಹಳೆಯ ಗರಗಸದ ಅಲಗೊಂದು ಅವರ ಬಳಿ ಇತ್ತು. ಅದನ್ನೇ ದಿನವೂ ಕಿಡಿ ಹಾರಿಸುತ್ತ ಉಜ್ಜಿದರು, ಬೀದಿಯವರನ್ನೆಲ್ಲ ಕರೆದು ತೋರಿಸಿದರು. ಕೊನೆಗೆ ಚಾಕುವನ್ನು ನನ್ನ ಕೈಗೆ ಕೊಡದೆ ಮೆಟ್ಟಿಲ ಮೇಲಿಟ್ಟರು.

"ಕೈಯಿಂದ ಕೈಗೆ ಕೊಟ್ರ ಜಗಳ ಆಗ್ತೈತಿ. ಎತ್ಕೋವ್ವ. ಇಷ್ಟು ಗಟ್ಟಿ ಚಾಕು ಇಡೀ ಹೈದರಾಬಾದಿನಾಗ ಸಿಗಂಗಿಲ್ಲ."

ಕಾಡಿನಲ್ಲಿ ಅಕಾಲದ ಮಳೆ ಹೊಯ್ದು ಸೌದೆಯೆಲ್ಲ ತೊಯ್ದಿತ್ತು. ಗೆಳತಿಯೊಬ್ಬಳು ಚಳಿಗೆ ಗಡಗಡ ನಡುಗುತ್ತಿದ್ದಳು. ಕೊರಡು ಸೀಳಿದರೆ ಒಳಗೆ ಒಣ ತಿರುಳು ಸಿಗುತ್ತದೆಂದು ಅದರ ಮೇಲೆ ಚಾಕುವಿಟ್ಟು ಕಲ್ಲಿನಿಂದ ಬಡಿದೆ. ಟಣ್ ಎಂದಿತು. ಅಲಗು ಮುರಿದು, ತುದಿ ನನ್ನ ಹುಬ್ಬನ್ನು ಗೀರಿ ಹಾರಿಹೋಯಿತು. ಬೆರಳಗಲ ಕೆಳಗೆ ಬಂದಿದ್ದರೆ ಕಣ್ಣು... ಹಿಡಿಗೆ ಅಂಟಿದ ಮೋಟಿನಿಂದಲೇ ತಿರುಳು ಕೆತ್ತಿ ಹೇಗೋ ಬೆಂಕಿ ಹೊತ್ತಿಸಿದೆವು. ಎಲ್ಲರೂ ಚಹಾ ಕುಡಿದರು. ನಾನು ಮೋಟನ್ನು ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿದೆ. ಅಷ್ಟು ಬೀಗಿದ್ದ ಮುದುಕರಿಗೆ ಏನೆಂದು ಹೇಳುವುದು? ಕಳೆದುಹೋಯಿತು ಎಂದುಬಿಡಲೇ? ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದೇ ಯೋಚನೆ.

ಕಾಕಾ ಬಾಗಿಲಲ್ಲೇ ಸಿಕ್ಕರು. ಸುಳ್ಳು ಬಾಯಿಗೆ ಬರಲಿಲ್ಲ. "ಕಾಕಾ, ಮುರಿದುಹೋಯ್ತು" ಎಂದು ಮೋಟನ್ನು ಮುಂದೆ ಹಿಡಿದೆ. ಅವರು ಅದನ್ನು ನೋಡಲೇ ಇಲ್ಲ. ನನ್ನ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದರು.

"ಕಣ್ಣಿಗೇನೂ ಆಗಿಲ್ಲಲ್ಲ?"

ಇಲ್ಲ ಎಂದೆ. ಮೆಟ್ಟಿಲ ಮೇಲೆ ಕುಸಿದು ಕೂತರು. "ನಂದ ತಪ್ಪವ್ವ. ಕಾರ್ಖಾನಿಯಾಗ ಗಟ್ಟಿ ಇದ್ದದ್ದ ಚಲೋ ಅಂತಿದ್ವಿ, ಅದ ಗುಂಗಿನಾಗ ಮಾಡಿಬಿಟ್ಟೆ. ಅಷ್ಟು ಗಟ್ಟಿ ಉಕ್ಕು ಪೆಟ್ಟು ಬಿದ್ರ ಗಾಜಿನಂಗ ಮುರೀತೈತಿ, ಕಾಡಿನ ಚಾಕು ಪೆಟ್ಟು ತಾಳಬೇಕು ಅನ್ನೂದ ಹೊಳೀಲಿಲ್ಲ."

ನನ್ನ ಎದೆಯ ಭಾರವೆಲ್ಲ ಒಮ್ಮೆಗೇ ಇಳಿದು ಅಳುವೂ ನಗುವೂ ಒಟ್ಟಿಗೆ ಬಂದವು.

ಮರುದಿನ ಆ ಮೋಟನ್ನೇ ಉಜ್ಜಿ ಗಿಡ್ಡ ಚಾಕು ಮಾಡಿದರು. "ಬರೇ ಕೊಯ್ಯಿ, ಬಡೀಬ್ಯಾಡ" ಎನ್ನುತ್ತ, ಮೆಟ್ಟಿಲನ್ನು ಮರೆತು, ನೇರ ನನ್ನ ಕೈಗೇ ಕೊಟ್ಟರು. ಅಂದಿನಿಂದ ನಾವು ಜಗಳವಾಡಿದ್ದೇ ಆಡಿದ್ದು! ನೀರಿನ ಮೋಟರಿಗೆ, ಅವರ ಚಹಾದ ಸಕ್ಕರೆಗೆ, ನಾನು ತಡವಾಗಿ ಮನೆಗೆ ಬಂದದ್ದಕ್ಕೆ... ಪ್ರತಿ ಸಲವೂ ಕೊನೆಗೆ ತಪ್ಪು ಚಾಕುವಿನದೇ ಎಂದು ತೀರ್ಮಾನವಾಗುತ್ತಿತ್ತು.

ಕಾಕಾ ಹೋಗಿ ಬಹಳ ವರ್ಷವಾಯಿತು. ಅಷ್ಟು ಅಕ್ಕರೆಯಿಂದ ನನ್ನೊಡನೆ ಜಗಳವಾಡುವವರು ಮತ್ತೆ ಸಿಗಲಿಲ್ಲ.

ಮಗಳು ಚಾಕುವಿಗೆ ಕೈಚಾಚಿದಳು. ಅದನ್ನು ಮೇಜಿನ ಮೇಲಿಡಲು ಹೋದ ನಾನು ಅರ್ಧಕ್ಕೇ ನಿಂತೆ. ಬೇಕೆಂದೇ ಅವಳ ಕೈಗೇ ಕೊಟ್ಟೆ. ನನ್ನ ಜೊತೆ ಜಗಳವಾಡಲಿಕ್ಕಾದರೂ ನೆಟ್ಟಗೆ ಮನೆಗೆ ಬರಲಿ.