ಹೂಳೆಂದು ಬರೆದ ಕೆಸರು

ಶೆಟ್ಟಿಕೆರೆಯ ದಾನೇಶ್ವರಿ ಸಮುದ್ರ ನೋಡಿದ್ದು ಕೆಲಸಕ್ಕೆ ಸೇರಿದ ಮೇಲೆ. ಬಂದರು, ಗಣಿ, ಹೆದ್ದಾರಿ ಬಂದರೆ ಅಲ್ಲಿನ ಜೀವಿಗಳಿಗೆ ಏನಾಗುತ್ತದೆಂದು ಅಂದಾಜು ಮಾಡಿ ವರದಿ ಕೊಡುವ ಸಂಸ್ಥೆ ಅದು. ಪ್ರತಿ ಸಲ ಕೆಲಸಕ್ಕೆ ಹೊರಡುವ ಮುಂಚೆ ರಾಗಿ ಬೀಸಿಸಿ, ಸಾರಿನ ಪುಡಿ ಮಾಡಿಟ್ಟು, ಹಸುಗಳ ಹಿಂಡಿ ನೆನೆಹಾಕಿ ಬಸ್ಸು ಹತ್ತುತ್ತಿದ್ದಳು. ಗಂಡ ಗಂಗಾಧರ ಊರವರ ಮುಂದೆ ಹೆಂಡತಿಯನ್ನು ತಾನೇ ಕೆಲಸಕ್ಕೆ ಕಳಿಸುತ್ತಿರುವುದಾಗಿ ಹೇಳಿಕೊಳ್ಳುತ್ತಿದ್ದ.

ನದಿ ಸಮುದ್ರ ಸೇರುವ ಒಂದು ಅಳಿವೆಯಲ್ಲಿ ಹೊಸ ಬಂದರು ಬರುವುದಿತ್ತು. ಹಡಗು ಒಳಬರಲು ಅಲ್ಲಿನ ಕೆಸರನ್ನೆಲ್ಲ ಎತ್ತಬೇಕು. ದಾನೇಶ್ವರಿ ದೋಣಿಯಲ್ಲಿ ಸುತ್ತಿದ್ದು ಉಬ್ಬರದ ಹೊತ್ತಿನಲ್ಲಿ. ಮೇಲೆ ನೀರು, ಕೆಳಗೆ ಕಪ್ಪು ಮಣ್ಣು. ಅವಳೂರಿನಲ್ಲಿ ಕೆರೆಯ ಹೂಳು ತೆಗೆಸುವುದು ಪುಣ್ಯದ ಕೆಲಸ. ಆ ಗೋಡು ಮಣ್ಣನ್ನು ತೆಂಗಿನ ಬುಡಕ್ಕೆ ಹೊಡೆಯಲು ಟ್ರ್ಯಾಕ್ಟರುಗಳು ಸಾಲು ನಿಲ್ಲುತ್ತವೆ. ಅಳಿವೆಯ ಜೀವಿಗಳ ಬಗ್ಗೆ ಓದಿದ್ದರೂ ನೋಡಿದ ಕಣ್ಣು ಶೆಟ್ಟಿಕೆರೆಯದು. ಹೂಳು ತೆಗೆಯುವುದರಿಂದ ಅಪಾಯ ಕಡಿಮೆ ಎಂದು ಬರೆದು ಸಹಿ ಹಾಕಿದಳು. ತಂಡದ ಮುಖ್ಯಸ್ಥ ರವಿಕಿರಣ್‌ಗೆ ಅದು ಹಿಡಿಸಿತು.

ಊರಿಗೆ ಹೊರಟ ಹೊತ್ತಿಗೆ ಇಳಿತವಿತ್ತು. ಹೆಂಗಸರು ಮೊಣಕಾಲುದ್ದ ಕೆಸರಿಗಿಳಿದು ಬಳಚು ಎಂಬ ಚಿಪ್ಪುಜೀವಿಯನ್ನು ಬಗೆದು ಬುಟ್ಟಿ ತುಂಬುತ್ತಿದ್ದರು. ಮಾತಾಡಿಸಿದಾಗ, ಮನೆಯ ಖರ್ಚು ನಡೆಯುವುದೇ ಇದರಿಂದ ಎಂದರು. ಮೀನಿನ ಮರಿಗಳು ಬೆಳೆಯುವ ಜಾಗವನ್ನೂ ತೋರಿಸಿದರು. ವರದಿಯಲ್ಲಿ ಮೀನುಗಾರರೆಂದರೆ ದೋಣಿ ಇದ್ದ ಗಂಡಸರು. ಈ ಹೆಂಗಸರನ್ನು ಗೃಹಿಣಿಯರೆಂದು ಬರೆಯಲಾಗಿತ್ತು.

ವರದಿ ತಿದ್ದಬೇಕೆಂದು ಅವಳು ಕೇಳಿದಾಗ, ಕೆಸರಿನ ಮಾದರಿ ತಂದು ತೋರಿಸದೆ ಒಂದಕ್ಷರವೂ ಬದಲಾಗದು, ಮಂಗಳವಾರ ವರದಿ ಹೋಗುತ್ತದೆ ಎಂದು ರವಿಕಿರಣ್ ಫೋನಿನಲ್ಲಿ ಹೇಳಿದ. ಕೆಸರು ಪೂರ್ತಿ ತೆರೆದುಕೊಳ್ಳುವ ದೊಡ್ಡ ಇಳಿತ ಭಾನುವಾರ, ಅಮಾವಾಸ್ಯೆಗೆ. ಅದೇ ಭಾನುವಾರ ಮನೆಯಲ್ಲಿ ಕೊಬ್ಬರಿ ಸುಲಿಸುವುದಿತ್ತು. ವರ್ಷವಿಡೀ ಅಟ್ಟದ ಮೇಲೆ ಒಣಗಿದ ಕಾಯಿ. ಸುಲಿಯುವವರು ಆ ದಿನ ತಪ್ಪಿದರೆ ಮತ್ತೆ ಯಾವಾಗ ಸಿಗುತ್ತಾರೋ. ಅವರಿಗೆ ತಿಂಡಿ, ರಾಗಿಮುದ್ದೆಯ ಊಟ ಮನೆಯವರದೇ.

"ಆಳುಗಳಿಗೆ ಹಿಟ್ಟು ತೊಳಸೋರ್ಯಾರೇ?" ಎಂದ ಗಂಗಾಧರ. "ಸಮುದ್ರದ ಕೆಸರೇನು ನಿಮ್ಮಪ್ಪಂದಾ?"

ತಾನು ಬರೆದದ್ದರಿಂದ ಅಷ್ಟು ಜನರ ಅನ್ನ ಹೋಗುತ್ತದೆ ಎಂದಳು ದಾನೇಶ್ವರಿ. ಅವರ್ಯಾರೋ ನಾವ್ಯಾರೋ ಎಂದ ಅವನು. ಅವಳು ಅತ್ತೆಯ ಮುಖ ನೋಡಿದಳು. ಮರಿಯಮ್ಮ ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ.

"ನನ್ನ ರಟ್ಟೇಲಿ ಇನ್ನಾಗಲ್ಲ ಕಣಪ್ಪ. ಸಾರು ಕಾಯಿಸ್ತೀನಿ. ಹಿಟ್ಟಿನ ಕೋಲು ನೀನೇ ಹಿಡಿ," ಎಂದಳು ಮಗನಿಗೆ. "ಗಂಟಾದ್ರೂ ತಿಂತಾರೆ ಬುಡು. ಅವಳು ಹೋಗಿ ಬರ್ಲಿ."

ಗಂಗಾಧರ ಎದ್ದು ಹೊರಗೆ ಹೋದ. ದಾನೇಶ್ವರಿ ಸಂಜೆಯ ಬಸ್ಸು ಹಿಡಿದಳು.

ಭಾನುವಾರ ಆ ಹೆಂಗಸರ ಜೊತೆ ಕೆಸರಿಗಿಳಿದಳು. ಜರಡಿ ಹಿಡಿದ ಕಡೆಯೆಲ್ಲ ಬಳಚಿನ ಮರಿ, ಹುಳು, ಏಡಿ. ಅಪಾಯ ಅತಿ ಹೆಚ್ಚು ಎಂದು ತಿದ್ದಿ ಬರೆದಳು. ಕೆಸರಿನಲ್ಲಿ ದುಡಿಯುವವರನ್ನು ದುಡಿಯುವವರೆಂದೇ ಸೇರಿಸಿದಳು.

"ಇದನ್ನ ಕೊಟ್ರೆ ಮುಂದಿನ ಕೆಲಸ ನಮಗೆ ಬರಲ್ಲ ಕಣ್ರೀ," ಎಂದ ರವಿಕಿರಣ್.

"ಹಾಗಾದ್ರೆ ಹಳೇದರಲ್ಲಿ ನನ್ನ ಸಹಿ ಬೇಡ ಸಾರ್."

ಸ್ಥಳ ನೋಡಿದವರ ಸಹಿಯಿಲ್ಲದ ವರದಿಯನ್ನು ಯಾರೂ ತೆಗೆದುಕೊಳ್ಳುವುದಿಲ್ಲ. ಹೊಸದೇ ಹೋಯಿತು. ಮುಂದಿನ ತಿಂಗಳಿನಿಂದ ದಾನೇಶ್ವರಿಯನ್ನು ಕೆಲಸಕ್ಕೆ ಕರೆಯಲಿಲ್ಲ. ಕಳಿಸಿದ್ದೇ ತಪ್ಪಾಯ್ತು ಎಂದು ಗಂಗಾಧರ ಊರಲ್ಲಿ ಹೇಳುತ್ತಿದ್ದಾನೆ.

ಬಂದರಿನ ಯೋಜನೆ ನಿಂತಿಲ್ಲ, ಕೆಸರು ಎತ್ತುವುದು ಮಾತ್ರ ಜನರ ಅಹವಾಲು ಕೇಳುವ ಸಭೆಯವರೆಗೆ ನಿಂತಿದೆ. ಮೊನ್ನೆ ಆ ಹೆಂಗಸರಲ್ಲೊಬ್ಬಳು ಫೋನು ಮಾಡಿ, ಸಭೆ ಇಡೀ ದಿನವಂತೆ, ಮನೆಗೊಬ್ಬ ಗಂಡಸು ಹೋದರೆ ಸಾಲದೇ ಎಂದು ಕೇಳಿದಳು.

ಸಾಲದು, ಕೆಸರಿಗಿಳಿಯುವವರೆಲ್ಲ ಹೋಗಿ ನೀವೇ ಹೇಳಬೇಕು ಎಂದಳು ದಾನೇಶ್ವರಿ. ಆಮೇಲೆ ಆಕೆ ಸಭೆ ಎಲ್ಲಿ, ಎಷ್ಟು ಗಂಟೆಗೆ ಎಂದು ವಿಚಾರಿಸಿದಳು.