ನಾಲ್ವರಲ್ಲಿ ಒಬ್ಬರು ಡಿಸ್ಕೌಂಟ್

"ನಾಲ್ಕು ಜನ ಯಾಕೆ? ಮೂವರು ಬನ್ನಿ, ಸಾಕು."

ಹೀಗೆ ಹೇಳಿದವನು ನಾನು. ಹೇಳಿದ್ದು ಒಂದು ರಾಕ್ ಬ್ಯಾಂಡಿಗೆ!

ನನ್ನನ್ನು ಬಲ್ಲ ಓದುಗರಿಗೆ ಇದರಲ್ಲಿ ಆಶ್ಚರ್ಯವೇನೂ ಇರಲಾರದು. ಸೈಕಲ್ಲಿನ ಹಿಂದೆ ಸ್ಟೀಲ್ ಪಾತ್ರೆ ಕಟ್ಟಿಕೊಂಡು ಮನೆಮನೆ ತಿರುಗಿ ಮಾರಿದವನು ನಾನು. ಇವತ್ತು ಬಂಟ್ವಾಳದಲ್ಲಿ ಸ್ವಂತ ಪಾತ್ರೆ ಅಂಗಡಿ ಇದೆ ಎಂದರೆ ಕಾರಣ ಒಂದೇ. ಎದುರಿನವರ ಮೊದಲ ಮಾತಿಗೆ ನಾನು ಯಾವತ್ತೂ ಹೂಂ ಅಂದಿಲ್ಲ. ಮೀನಿನವಳ ಹತ್ತಿರ ಇಲ್ಲ, ಹಲ್ಲಿನ ಡಾಕ್ಟರ ಹತ್ತಿರವೂ ಇಲ್ಲ. (ಡಾಕ್ಟರು ಎರಡು ಹಲ್ಲು ಕೀಳಬೇಕು ಅಂದರು. ಒಂದಕ್ಕೆ ಒಪ್ಪಿಸಿದೆ. ಇನ್ನೊಂದು ಈಗಲೂ ನೋಯುತ್ತದೆ, ಅದು ಬೇರೆ ಮಾತು.)

ಈಗ ಮೂಡುಬಿದಿರೆಯಲ್ಲಿ ಎರಡನೇ ಅಂಗಡಿ. ಓಪನಿಂಗ್ ದಿನ ಏನು ಕಾರ್ಯಕ್ರಮ ಇಡುವುದು? ನಾನು ಆರ್ಕೆಸ್ಟ್ರಾ ಅಂದೆ. ಮಗಳು ಅನುಷಾ ಮುಖ ಸಿಂಡರಿಸಿದಳು.

"ಆರ್ಕೆಸ್ಟ್ರಾ ಎಲ್ಲರೂ ಇಡ್ತಾರೆ ಅಪ್ಪ. ನಮ್ಮೂರಿನದ್ದೇ ರಾಕ್ ಬ್ಯಾಂಡ್ ಉಂಟು. 'ಕರೆಂಟ್ ಉಂಟಾ?' ಅಂತ ಹೆಸರು."

ಹೆಸರು ಕೇಳಿಯೇ ಅರ್ಧ ಒಪ್ಪಿದೆ. ಮಳೆಗಾಲದಲ್ಲಿ ನಮ್ಮ ಕಡೆಯವರು ಫೋನೆತ್ತಿದ ಕೂಡಲೇ ಕೇಳುವ ಪ್ರಶ್ನೆ ಅದೇ ಅಲ್ಲವೇ?

ಇಲ್ಲಿ ಒಂದು ಸಲಹೆ, ಬರೆದಿಟ್ಟುಕೊಳ್ಳಿ. ಚೌಕಾಸಿ ಫೋನಿನಲ್ಲಿ ಆಗುವ ಕೆಲಸವಲ್ಲ. ಸರಕು ಇರುವ ಜಾಗಕ್ಕೇ ಹೋಗಬೇಕು. ಹಾಗಾಗಿ ಕಳೆದ ತಿಂಗಳು ಒಂದು ಭಾನುವಾರ, ಮಧ್ಯಾಹ್ನದ ಊಟ ಮುಗಿಸಿ, ಪುಂಜಾಲಕಟ್ಟೆಗೆ ಹೊರಟೆ.

ಬ್ಯಾಂಡಿನ ಪ್ರಾಕ್ಟೀಸ್ ನಡೆಯುವುದು ಎಲ್ಲಿ ಗೊತ್ತೇ? ಡ್ರಮ್ಮರ್ ಪ್ರಸಾದನ ಮನೆಯ ರಬ್ಬರ್ ಶೆಡ್ಡಿನಲ್ಲಿ! ಒಳಗೆ ತಂತಿಯುದ್ದಕ್ಕೂ ರಬ್ಬರ್ ಶೀಟುಗಳು ಬಟ್ಟೆ ಒಣಹಾಕಿದಂತೆ ತೂಗುತ್ತಿವೆ. ಮೂಗಿಗೆ ಹೊಡೆಯುವ ವಾಸನೆ. ನಡುವೆ ಡ್ರಮ್ ಸೆಟ್ಟು, ಸ್ಪೀಕರು.

"ಇದು ಯಾಕೆ ಇಲ್ಲಿ ಮಾರಾಯ?" ಎಂದೆ.

"ಶೀಟು ಸೌಂಡನ್ನು ಹೀರಿಕೊಳ್ತದೆ ಸರ್. ಸ್ಟುಡಿಯೋದ ಹಾಗೆ. ರಬ್ಬರಿಗೆ ರೇಟ್ ಬಂದಾಗ ಅಪ್ಪ ಎಲ್ಲ ಮಾರಿಬಿಡ್ತಾರೆ, ಆಗ ಮಾತ್ರ ನಮ್ಮ ಸೌಂಡ್ ಹಾಳು."

ಹುಡುಗ ಹಿಡಿಸಿದ. ಇದ್ದುದನ್ನೇ ಉಪಯೋಗಿಸುವವನು ಬದುಕುತ್ತಾನೆ.

ಪ್ರಸಾದ ಹುಲಿವೇಷದ ತಂಡದಲ್ಲಿ ಸೊಂಟಕ್ಕೆ ತಾಸೆ ಕಟ್ಟಿಕೊಂಡು ಬಡಿದವನು. ಹುಲಿ ಜೋರಾದರೆ ಇವನು ಇನ್ನೂ ಜೋರು. ಕೈ ಪಳಗಿತ್ತು, ಆದರೆ ಡ್ರಮ್ ಸೆಟ್ಟಿಗೆ ಕಾಲೂ ಬೇಕಲ್ಲ? ಅದನ್ನು ಟೈಲರ್ ಅಂಗಡಿಯ ಹೊಲಿಗೆ ಮೆಷಿನ್ ತುಳಿದು ಕಲಿತನಂತೆ!

ಗಿಟಾರಿನ ಮೆಲ್ವಿನ್ ವಿಟ್ಲದವನು. ಚಿಕ್ಕಂದಿನಿಂದ ಚರ್ಚಿನ ಕೊಯರ್‌ನಲ್ಲಿ ಹಾಡಿದವನು. "ಅಲ್ಲಿ ಯಾವಾಗಲೂ ಮೆಲ್ಲ ಮೆಲ್ಲ ಅಂತ ಹೇಳ್ತಿದ್ರು ಸರ್. ಅಷ್ಟು ವರ್ಷ ಒಳಗೆ ಇಟ್ಟುಕೊಂಡದ್ದೆಲ್ಲ ಈಗ ಹೊರಗೆ ಬರ್ತಾ ಉಂಟು" ಎಂದ.

ಹಾಡುವ ರಶ್ಮಿ ತೋಡಾರಿನವಳು. ಕುಣಿತ ಭಜನೆಯ ತಂಡದಲ್ಲಿ ಬೆಳೆದವಳು. "ಗಂಟೆಗಟ್ಟಲೆ ಕುಣಿಯುತ್ತಾ ಹಾಡಿದವಳು ಅಂಕಲ್. ನಿಂತು ಹಾಡುವುದು ಯಾವ ಲೆಕ್ಕ?" ಎಂದಳು. ಆಮೇಲೆ ನೋಡಿದರೆ ನಿಂತು ಹಾಡಲೇ ಇಲ್ಲ, ಹಾರುತ್ತಲೇ ಹಾಡಿದಳು!

ನನಗಾಗಿ ಒಂದು ಹಾಡು ಬಾರಿಸಿ ತೋರಿಸಿದರು. ತಾಸೆ, ಕೊಯರ್, ಭಜನೆ. ಮೂರು ಕಡೆಯ ನೀರು ಒಂದೇ ಹಂಡೆಗೆ. ಪ್ರಸಾದನ ಅಮ್ಮ ಕೊಟ್ಟ ಚಹಾದ ಸ್ಟೀಲ್ ಲೋಟ ಹಿಡಿದು ಕುಳಿತಿದ್ದ ನನಗೆ ಎದೆಯೊಳಗೆ ಯಾರೋ ಬಾಗಿಲು ಬಡಿದ ಹಾಗಾಯಿತು. ಅರುವತ್ತರ ಹತ್ತಿರ ಬಂದವನು ನಾನು. ಆದರೂ ಕಾಲು ತನ್ನಷ್ಟಕ್ಕೇ ಕುಣಿಯತೊಡಗಿತು.

ಖುಷಿಯಾದದ್ದನ್ನು ಮುಖದಲ್ಲಿ ತೋರಿಸಬಾರದು. (ಇದು ಎರಡನೇ ಸಲಹೆ.) ಮುಖ ಗಂಟು ಹಾಕಿಕೊಂಡು ಮೂಲೆಯತ್ತ ಬೆರಳು ತೋರಿಸಿದೆ.

ಮೂಲೆಯಲ್ಲಿ ನಾಲ್ಕನೆಯವರಿದ್ದರು. ಬೆಳ್ತಂಗಡಿಯ ಶೇಖರಣ್ಣ. ವಯಸ್ಸು ನನ್ನದೇ. ಕೊರಳಲ್ಲಿ ಅಳತೆ ಟೇಪು. ಹೌದು, ಆ ಹೊಲಿಗೆ ಮೆಷಿನ್ನಿನ ಟೈಲರ್ ಇವರೇ. ಕೈಯಲ್ಲಿ ನಾಲ್ಕು ತಂತಿಯ ಬೇಸ್ ಗಿಟಾರು. ಕುಣಿತ ಇಲ್ಲ, ತಲೆ ಅಲ್ಲಾಡಿಸುವುದಿಲ್ಲ, ಶೀಟುಗಳ ನಡುವೆ ಇನ್ನೊಂದು ಶೀಟಿನ ಹಾಗೆ ನಿಂತಿದ್ದರು.

"ಡ್ರಮ್ ಕೇಳಿತು. ಗಿಟಾರು ಕೇಳಿತು. ಹುಡುಗಿಯ ಹಾಡು ಕೇಳಿತು. ಇವರದ್ದು ನನಗೆ ಕೇಳಲೇ ಇಲ್ಲವಲ್ಲ?"

ಆಗಲೇ ನಾನು ಹೇಳಿದ್ದು: ಮೂವರು ಸಾಕು.

"ನಾಲ್ಕು ಅಂದರೆ ನಾಲ್ಕೇ ಸರ್" ಎಂದು ಪ್ರಸಾದ ಕೋಲು ಕೆಳಗಿಟ್ಟ. ನಾನು ಹೊರಡುವವನಂತೆ ಎದ್ದೆ. (ಹಳೆಯ ಟ್ರಿಕ್. ನೂರಕ್ಕೆ ತೊಂಬತ್ತು ಸಲ ಹಿಂದಿನಿಂದ ಕರೆಯುತ್ತಾರೆ.)

ಕರೆದವರು ಶೇಖರಣ್ಣ. "ಕೂತುಕೊಳ್ಳಿ ಧಣಿ. ಮಕ್ಕಳಿಗೆ ಇದು ಮೊದಲ ದೊಡ್ಡ ಪ್ರೋಗ್ರಾಮ್. ಮೂವರೇ ಬರ್ತಾರೆ." ಹೇಳುತ್ತಲೇ ಗಿಟಾರಿನ ವಯರ್ ಕಿತ್ತರು. "ನನಗೆ ಇದೇನು ಹೊಸತಲ್ಲ."

ಹೊಸತಲ್ಲ ಎಂದರೆ? ಕೇಳಿದೆ. ಮದುವೆಗಳಿಗೆ ಹೋಗುವ ಒಂದು ಸ್ಯಾಕ್ಸೋಫೋನ್ ಪಾರ್ಟಿಯಲ್ಲಿ ಶೇಖರಣ್ಣ ಇಪ್ಪತ್ತೆರಡು ವರ್ಷ ಶ್ರುತಿ ಪೆಟ್ಟಿಗೆ ಹಿಡಿದವರು. ಎಲ್ಲರ ಹಿಂದೆ ಕುಳಿತು ಪೆಟ್ಟಿಗೆ ಒತ್ತುತ್ತಾ ಒಂದೇ ಸ್ವರವನ್ನು ಗಟ್ಟಿಯಾಗಿ ಹಿಡಿಯುವ ಕೆಲಸ. ಒಂದು ದಿನ ಪಾರ್ಟಿಗೆ ಎಲೆಕ್ಟ್ರಾನಿಕ್ ಶ್ರುತಿ ಪೆಟ್ಟಿಗೆ ಬಂತು.

"ಸ್ವಿಚ್ ಹಾಕಿದರೆ ಆಯ್ತು. ಅದಕ್ಕೆ ಊಟ ಬೇಡ, ಬಸ್ಸಿನಲ್ಲಿ ಸೀಟು ಬೇಡ. ನನ್ನನ್ನು ಮನೆಗೆ ಕಳಿಸಿದರು. ಮತ್ತೆ ಹೊಲಿಗೆಯೇ. ಒಮ್ಮೆ ಪ್ಯಾಂಟು ಹೊಲಿಸಲಿಕ್ಕೆ ಬಂದ ಮೆಲ್ವಿನ್ ಏನೋ ಹಾಡ್ತಿದ್ದ. ನಿನ್ನ ಶ್ರುತಿ ಇಳಿದಿದೆ ಮಾರಾಯ ಅಂದೆ. ಬಿಡಲಿಲ್ಲ, ಈ ಗಿಟಾರನ್ನು ಕೈಗೆ ಕೊಟ್ಟ."

ಕೇಳಿ ಒಂದು ಥರ ಆಯಿತು. ಆದರೆ ವ್ಯಾಪಾರಿ ನೋಡಿ, "ಸರಿ, ಮೂವರೇ ಒಮ್ಮೆ ಬಾರಿಸಿ" ಎಂದೆ.

ಅದೇ ಹಾಡು. ಮೊದಲ ಸಾಲು ಪರವಾಗಿಲ್ಲ. ಎರಡನೆಯದರಲ್ಲಿ ಪ್ರಸಾದನಿಗೆ ಹುಲಿ ಹತ್ತಿತು, ಓಡತೊಡಗಿದ. ಮೆಲ್ವಿನ್ ಅವನ ಬೆನ್ನಟ್ಟಿದ. ರಶ್ಮಿ ಎಲ್ಲೋ ಮೇಲೆ ಹೋಗಿ ಸಿಕ್ಕಿಬಿದ್ದಳು. ಐದು ನಿಮಿಷದ ಹಾಡು ಮೂರೂವರೆ ನಿಮಿಷಕ್ಕೇ ಮುಗಿಯಿತು! ನಾನು ಒಬ್ಬರನ್ನು ಕಡಿಮೆ ಮಾಡಿದರೆ ಅವರು ಹಾಡನ್ನೇ ಕಡಿಮೆ ಮಾಡಿದ್ದರು.

"ಕಾಲಿಗೆ ನೆಲವೇ ಸಿಕ್ಕಲಿಲ್ಲ ಅಂಕಲ್" ಎಂದಳು ರಶ್ಮಿ.

ನನಗೆ ತಿಳಿದದ್ದು ಕಿವಿಯಿಂದಲ್ಲ, ಕೈಯಿಂದ. ಮೊದಲ ಸಲ ಬಾರಿಸಿದಾಗ ನನ್ನ ಕೈಯಲ್ಲಿದ್ದ ಲೋಟ ಝುಂ ಎನ್ನುತ್ತಿತ್ತು. ಈಗ ಸತ್ತ ಹಾಗೆ ಸುಮ್ಮನಿತ್ತು. ಶೇಖರಣ್ಣನಿಗೆ ಮತ್ತೆ ವಯರ್ ಸಿಕ್ಕಿಸಲು ಹೇಳಿದೆ. ಒಂದೇ ಒಂದು ತಂತಿ ಮೀಟಿದರು. ಲೋಟ ಹಾಡಿತು.

ಹೊಳಪು ನೋಡಿ ಮರುಳಾಗಬೇಡಿ ಅಮ್ಮಾ, ತಳ ನೋಡಿ, ತಳ ತೆಳ್ಳಗಿದ್ದರೆ ಹಾಲು ಸೀಯುತ್ತದೆ. ದಿನಕ್ಕೆ ಹತ್ತು ಸಲ ಗಿರಾಕಿಗಳಿಗೆ ಹೇಳುವ ಮಾತು ನನ್ನದು. ಅಂಥ ನಾನೇ ತಳ ತೆಗೆದು ಪಾತ್ರೆ ಕೊಡಿ ಅಂದಿದ್ದೆ!

"ಆಯ್ತು, ನಾಲ್ವರೂ ಬನ್ನಿ" ಎಂದೆ.

ಈಗ ಚೌಕಾಸಿ ಶುರು ಮಾಡಿದ್ದು ಶೇಖರಣ್ಣ. "ಬರ್ತೇನೆ ಧಣಿ. ಆದರೆ ಒಂದು ಕಂಡೀಷನ್ ಉಂಟು. ಇಪ್ಪತ್ತೆರಡು ವರ್ಷದಲ್ಲಿ ನನ್ನ ಹೆಸರನ್ನು ಯಾರೂ ಮೈಕಿನಲ್ಲಿ ಹೇಳಿದ್ದಿಲ್ಲ. ನೀವು ಹೇಳಬೇಕು. ಮೊದಲಿಗೆ."

"ಮೊದಲು ಹಾಡುವವರದ್ದು ಹೇಳುವುದು ಕ್ರಮ. ನಿಮ್ಮದು ಎರಡನೆಯದು ಮಾಡುವ."

"ಮೊದಲಿಗೆ."

"ರಶ್ಮಿಯದ್ದೂ ನಿಮ್ಮದೂ ಒಟ್ಟಿಗೆ?"

ಶೇಖರಣ್ಣ ಮತ್ತೆ ವಯರ್ ಸುತ್ತತೊಡಗಿದರು.

"ಆಯ್ತು ಮಾರಾಯ್ರೆ, ಮೊದಲಿಗೇ!"

ಪ್ರಸಾದ ಡ್ರಮ್ಮಿನ ಮೇಲೆ ಢಮಾರ್ ಎಂದು ಒಂದು ಕೊಟ್ಟ. ಇಷ್ಟು ವರ್ಷ ಸೋಲದವನು ಟೈಲರ್ ಒಬ್ಬರ ಎದುರು ಒಂದು ನಿಮಿಷದಲ್ಲಿ ಸೋತೆ.

ಓಪನಿಂಗ್ ದಿನದ ಸಂಭ್ರಮ ಹೇಗೆ ಹೇಳಲಿ? ಸಂಜೆ ನಾಲ್ಕಕ್ಕೆ ಮೈಕ್ ಹಿಡಿದು, ನನ್ನ ಅಂಗಡಿಯ ಹೆಸರಿಗೂ ಮೊದಲು, "ಬೆಳ್ತಂಗಡಿಯ ಶೇಖರಣ್ಣ" ಎಂದೆ. ಅವರು ತಲೆಯೆತ್ತಲಿಲ್ಲ, ತಂತಿ ಮೀಟಿದರು. ಒಳಗೆ ಕಪಾಟಿನಲ್ಲಿದ್ದ ತಟ್ಟೆ, ಲೋಟ, ಕೊಡಪಾನ ಎಲ್ಲವೂ ಒಟ್ಟಿಗೆ ಗುಂಯ್‌ಗುಟ್ಟಿದವು! ಕುಕ್ಕರ್ ಕೊಳ್ಳಲು ಬಂದ ಅಜ್ಜಿಯೊಬ್ಬರು ಮೊದಲು ಕಿವಿ ಮುಚ್ಚಿಕೊಂಡರು, ಮೂರನೇ ಹಾಡಿಗೆ ಚಪ್ಪಾಳೆ ತಟ್ಟುತ್ತಿದ್ದರು. ಬಸ್ಸಿಗೆ ಕಾಯುತ್ತಿದ್ದವರು ಬಸ್ಸು ಬಿಟ್ಟರು. 'ಒನ್ಸ್ ಮೋರ್' ಎಂದು ಕೂಗಿದವರಲ್ಲಿ ನಾನೂ ಒಬ್ಬ.

ಎಲ್ಲ ಮುಗಿದ ಮೇಲೆ ಶೇಖರಣ್ಣ ಮೆಲ್ಲಗೆ ಹೇಳಿದರು: "ನಿಮ್ಮ ಮದುವೆಗೂ ನಮ್ಮದೇ ಪಾರ್ಟಿ ಧಣಿ. ನಾನಿದ್ದೆ."

"ಅದನ್ನು ಅವತ್ತೇ ಹೇಳಬಾರದಿತ್ತಾ?"

"ಹೇಳಿದರೆ ನೀವು ದಾಕ್ಷಿಣ್ಯಕ್ಕೆ ಒಪ್ಪಿದ ಹಾಗೆ ಆಗ್ತಿತ್ತು."

ಮನೆಗೆ ಬಂದು ಹೆಂಡತಿಯ ಹತ್ತಿರ ಆಲ್ಬಮ್ ತೆಗೆಸಿದೆ. ಕೆನ್ನೆ ಉಬ್ಬಿಸಿ ಸ್ಯಾಕ್ಸೋಫೋನ್ ಊದುವವರಿದ್ದಾರೆ. ಡೋಲಿನವರಿದ್ದಾರೆ, ತಾಳದವರಿದ್ದಾರೆ. ಫೋಟೋದ ಅಂಚಿನಲ್ಲಿ ಒಂದು ಶ್ರುತಿ ಪೆಟ್ಟಿಗೆ, ಅದರ ಮೇಲೆ ಒಂದು ಕೈ. ಮುಖ ಇಲ್ಲ.

ನಿಮ್ಮ ಆಲ್ಬಮ್ಮನ್ನೂ ಒಮ್ಮೆ ತೆಗೆದು ನೋಡಿ. ನಿಮ್ಮ ಮದುವೆಗೆ ಶ್ರುತಿ ಹಿಡಿದವರ ಹೆಸರು ಏನು?